ಚಲುವಯ್ಯನ ಮಟ್ಟು

ಬೋರಲಿಂಗಯ್ಯ ಹನ್ನೊಂದು ವರ್ಷ ನಮ್ಮ ಮನೆಯ ಮುದ್ದೆ ಉಂಡು ನಮ್ಮಪ್ಪ ಚಲುವಯ್ಯನ ಹತ್ತಿರ ನಾಗಸ್ವರ ಕಲಿತವನು. ಈಗ ಸ್ಯಾಕ್ಸೋಫೋನ್ ಹಿಡಿದು ಜಾಝ್ ತಂಡ ಕಟ್ಟಿಕೊಂಡಿದ್ದಾನೆ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಗುಡಿಯಲ್ಲಿ ಕೂತು ಅಪ್ಪ ಕಟ್ಟಿದ ಮಟ್ಟನ್ನು, ಅಪ್ಪ ಸತ್ತು ವರ್ಷ ತುಂಬುವ ಮೊದಲೇ, ತನ್ನದೆಂದು ಹೇಳಿಕೊಂಡು ತಿರುಗುತ್ತಿದ್ದ. ರಾಮನಗರದ ಜಾಝ್ ಉತ್ಸವದ ಕರಪತ್ರದಲ್ಲೂ ಹಾಗೇ ಅಚ್ಚಾಗಿತ್ತು: ಸಂಯೋಜನೆ, ಬೋರಲಿಂಗಯ್ಯ. ನನ್ನ ಹೊಟ್ಟೆ ಉರಿದುಹೋಯಿತು.

ಎಂಥ ಭಂಡ ನೋಡಿ, ಜಾಝ್ ಜೊತೆ ವಾಲಗ ಬೆರೆಸುತ್ತೇನೆಂದು ನಮ್ಮನ್ನೇ ಕರೆಸಿದ. ಡೋಲಿಗೆ ಚಿಕ್ಕಪ್ಪ ಗಂಗಹನುಮಯ್ಯ, ತಾಳಕ್ಕೆ ನಾನು.

"ಸಿದ್ದಮ್ಮ, ನಾನೊಬ್ನೇ ಊದೋವಾಗ ನೀವು ಸುಮ್ಕೆ ನಿಂತ್ಕಳಿ," ಎಂದ.

"ಆಗ್ಲಣ್ಣ," ಎಂದು ಹಲ್ಲು ಕಡಿದೆ.

ಚಿಕ್ಕಪ್ಪ ನಲವತ್ತು ವರ್ಷ ಮದುವೆ ಮನೆಗಳಲ್ಲಿ ಡೋಲು ಬಡಿದವನು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳೆತ್ತಿ ಆಡಿಸಿದರೆ ಗಟ್ಟಿಮೇಳ. ಬೆರಳು ಇಳಿಯುವ ತನಕ ಏನೇ ಆದರೂ ಅವನ ಕೈ ನಿಲ್ಲುವುದಿಲ್ಲ.

ಸಂಜೆ ವೇದಿಕೆಯ ಮೇಲೆ ಜಾಝ್ ತಂಡದ ದಿಲ್ಶಾದ್ ತನ್ನ ಡ್ರಮ್ಸ್ ಮೆಲ್ಲಗೆ ಮಾಡಿದ. ಬೋರಲಿಂಗಯ್ಯ ಕಣ್ಣು ಮುಚ್ಚಿ ಅಪ್ಪನ ಮಟ್ಟು ಶುರುಮಾಡಿದ. ನಾನು ತಾಳ ಕೆಳಗಿಟ್ಟು ಚಿಕ್ಕಪ್ಪನ ಕಡೆ ಬೆರಳೆತ್ತಿ ಆಡಿಸಿದೆ.

ಚಿಕ್ಕಪ್ಪ ಬಡಿದ ಬಡಿತಕ್ಕೆ ಸ್ಯಾಕ್ಸೋಫೋನು ಮುಳುಗಿಯೇ ಹೋಯಿತು. ಡೋಲಿನ ಮುಂದೆ ಮೈಕು ಇಡಿಸಿದ್ದವನು ಬೋರಲಿಂಗಯ್ಯನೇ. ದಿಲ್ಶಾದನೂ ಹುರುಪೇರಿ ಸೇರಿಕೊಂಡ. ಕೆಳಗಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಅವನು ಊದಿದ, ಇನ್ನೂ ಜೋರಾಗಿ ಊದಿದ, ಕತ್ತಿನ ನರ ಉಬ್ಬಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಕೊನೆಗೆ ನನ್ನ ಕಿವಿಯ ಹತ್ತಿರ ಬಂದ. "ಕೈ ಇಳ್ಸವ್ವ, ನಿನ್ ದಮ್ಮಯ್ಯ. ನನ್ ಮರ್ವಾದೆ ಹೋಯ್ತಾ ಐತೆ."

"ಮಟ್ಟು ಯಾರ್ದು ಅಂತ ಮೈಕಲ್ಲಿ ಹೇಳು. ಆಮೇಲೆ ಇಳಿಸ್ತೀನಿ."

ಮೈಕಿನ ಹತ್ತಿರ ಹೋಗಿ ಬಾಯಿ ತೆರೆದ. ಅಪ್ಪನ ಹೆಸರು ಅವನ ತುಟಿಯ ಮೇಲೆ ನನಗೆ ಕಂಡಿತು. ಮತ್ತೂ ಏನೋ ಹೇಳಿದ, ನಮ್ಮ ಗುರುಗಳು ಎಂದಿರಬೇಕು, ಕಣ್ಣಲ್ಲಿ ನೀರಿತ್ತು. ಗೆದ್ದೆನೆಂದುಕೊಂಡು ಬೆರಳು ಇಳಿಸಿದೆ.

ಡೋಲು ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನ ಹತ್ತಿರ ಓಡಿದೆ. "ಕೇಳುಸ್ತೇನವ್ವ? ಅಪ್ಪನ ಹೆಸರು ಹೇಳ್ದ."

"ಆ ಡೋಲ್ ಸದ್ದಲ್ಲಿ ಏನ್ ಕೇಳ್ಸೀತು ಮಗ," ಎಂದಳು ಅವ್ವ. "ಇನ್ನೊಂದ್ ಸಾರಿ ಹೇಳಕ್ಕೇಳು."

ವೇದಿಕೆಗೆ ಹಿಂದಿರುಗಿ ಕೇಳಿದೆ. ಬೋರಲಿಂಗಯ್ಯ ಜನರಿಗೆ ಕೈ ಮುಗಿಯುತ್ತಿದ್ದ.

"ನೀ ಕೇಳ್ದೆ, ನಾ ಹೇಳಿದ್ದಾಯ್ತಲ್ಲವ್ವ," ಎಂದು ಸ್ಯಾಕ್ಸೋಫೋನನ್ನು ಪೆಟ್ಟಿಗೆಗೆ ಇಟ್ಟ.