ಪೂಜೆಗಿಟ್ಟ ಸ್ಪ್ಯಾನರು

ಆಯುಧಪೂಜೆಯ ದಿನ ಬೆಳಿಗ್ಗೆ ಏಳೂವರೆಗೆ ದೇವರ ಕೋಣೆಯಿಂದ ಎದ್ದು ಬಂದಾಗ ಮಹದೇವಪ್ಪನವರ ಮುಖದಲ್ಲಿ ಹನ್ನೊಂದು ದಿನಗಳಿಂದ ಕಾಣದಿದ್ದ ಒಂದು ಸಮಾಧಾನವಿತ್ತು. ಮನೆಯಲ್ಲಿ ಅವರೊಬ್ಬರೇ. ಹೆಂಡತಿ ಮಂಜುಳಮ್ಮ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಸೊಸೆ ಅನು ಹಿಂದಿನ ಸಂಜೆಯಿಂದ ಅತ್ತೆಯ ಜೊತೆಗಿದ್ದಳು. ಮಗ ಶಿವಪ್ರಕಾಶ ಸಿಟಿ ಬಸ್ಸಿನ ಡ್ರೈವರು. ದಸರೆ ಮುಗಿಯುವವರೆಗೆ ಅವನ ಹತ್ತಿರ ರಜೆಯ ಮಾತೆತ್ತುವಂತೆಯೇ ಇರಲಿಲ್ಲ. ಹಾಗಂತ ಹಬ್ಬ ನಿಲ್ಲಿಸಲಾದೀತೇ? ಸ್ಕೂಟರಿನ ಕೀ, ಈಳಿಗೆಮಣೆ, ಕತ್ತರಿ, ತಾವು ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಕ್ರಯಪತ್ರ ಬರೆಯುತ್ತಿದ್ದ ಕಾಲದ ಎರಡು ಪೆನ್ನು, ಎಲ್ಲಕ್ಕೂ ವಿಭೂತಿ ಬಳಿದು ಕುಂಕುಮವಿಟ್ಟು ಸೇವಂತಿಗೆ ಏರಿಸಿದ್ದರು.

ಆ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೂವು ಬಿದ್ದಿದ್ದು ಪ್ಲಂಬರ್ ಪುಟ್ಟಸ್ವಾಮಿಯ ಸಾಮಾನಿಗೆ. ಹಿಂದಿನ ದಿನ ಹಿನಕಲ್ಲಿನ ತನ್ನ ಮನೆಗೆ ಹೊರಡುವಾಗ ಅವನು ತನ್ನ ಚೀಲವನ್ನು ಹಿತ್ತಲ ಕಡೆಯ ಕಕ್ಕಸಿನ ಬಾಗಿಲಲ್ಲೇ ಬಿಟ್ಟು, "ಬೆಳಿಗ್ಗೆ ಬತ್ತೀನಿ ಯಜಮಾನ್ರೆ" ಎಂದು ಹೋಗಿದ್ದ. ದುಡಿದು ತಿನ್ನುವವನ ಆಯುಧ ಇಂಥ ದಿನ ಕಕ್ಕಸಿನ ಬಾಗಿಲಲ್ಲಿ ಬಿದ್ದಿರುವುದು ಮಹದೇವಪ್ಪನವರ ಮನಸ್ಸಿಗೆ ಒಗ್ಗಲಿಲ್ಲ. ಸ್ಪ್ಯಾನರು, ಪೈಪ್ ರೆಂಚು, ಸ್ಕ್ರೂಡ್ರೈವರು, ಸುತ್ತಿಗೆ, ಕರಣೆ, ಒಂದೊಂದನ್ನೂ ಸೋಪು ಹಾಕಿ ತೊಳೆದು, ಹಳೆ ಪಂಚೆಯಲ್ಲಿ ಒರೆಸಿ, ದೇವರ ಮುಂದೆ ಜೋಡಿಸಿ ಮಂಗಳಾರತಿ ಎತ್ತಿದರು. ನೋಡಿದರೆ ಹುಡುಗ ಖುಷಿಪಡುತ್ತಾನೆ ಎಂದುಕೊಂಡರು. ಹುಡುಗನೆಂದರೆ ನಲವತ್ತೈದರವನು, ಆದರೆ ಮಹದೇವಪ್ಪನವರ ಲೆಕ್ಕದಲ್ಲಿ ಐವತ್ತರ ಒಳಗಿನವರೆಲ್ಲ ಹುಡುಗರೇ.

ಎಂಟಕ್ಕೆ ಪುಟ್ಟಸ್ವಾಮಿ ಬಂದ. ಚಪ್ಪಲಿ ಬಿಟ್ಟವನೇ ನೇರ ಹಿತ್ತಲಿಗೆ ಹೋಗಿ, ಅಲ್ಲಿಂದಲೇ ಕೂಗಿದ.

"ಯಜಮಾನ್ರೆ, ನನ್ ಬ್ಯಾಗೆಲ್ಲಿ? ಅರ್ಧ ಗಂಟೆ ಕೆಲ್ಸ ಅದೆ. ಮುಗಿಸ್ಬುಟ್ಟು ಮನೆಗೋಗಿ ಸಾಮಾನಿಗೆ ಪೂಜೆ ಮಾಡ್ಬೇಕು."

"ಇನ್ನೆಂಥ ಕೆಲಸಾನಪ್ಪ? ನಿನ್ನೆಯೇ ಮುಗಿದಿದೆಯಲ್ಲ!"

"ಎಂಗ್ ಮುಗೀತದೆ? ಕಮೋಡು ಬರೀ ನಿಲ್ಸಿದ್ದೀನಿ ಅಷ್ಟೆ. ಸಿಮೆಂಟು ಹಸಿ ಇತ್ತು, ಒಂದ್ ರಾತ್ರಿ ಒಣಗ್ಲಿ ಅಂತ ಬುಟ್ಟೋಗಿದ್ದೆ. ನಟ್ಟು ಬಿಗೀಬೇಕು, ಫ್ಲಶ್ ಟ್ಯಾಂಕ್ ಕೂರಿಸ್ಬೇಕು, ಗೋಡೆಗೆ ಅಮ್ಮಾರು ಹಿಡ್ಕೊಳೋ ಕಂಬಿ ಹಾಕ್ಬೇಕು. ಅನು ಅಮ್ಮಾರ್ಗೆ ಎಲ್ಲಾ ಹೇಳಿದ್ನಲ್ಲ!"

ಮಹದೇವಪ್ಪನವರು ದೇವರ ಕೋಣೆಯ ಕಡೆ ಕೈ ತೋರಿಸಿದರು. ಪುಟ್ಟಸ್ವಾಮಿ ಒಳಗೆ ಇಣುಕಿದ. ದೀಪ ಉರಿಯುತ್ತಿತ್ತು, ಊದುಬತ್ತಿಯ ಹೊಗೆ ಆಡುತ್ತಿತ್ತು, ಅವನ ಸ್ಪ್ಯಾನರು ಮೂರು ಬೆರಳ ವಿಭೂತಿ ಧರಿಸಿ ಹೂವಿನಡಿ ಮಲಗಿತ್ತು.

"ಅಯ್ಯಯ್ಯೋ, ಏನ್ ಯಜಮಾನ್ರೆ, ಇಂಗ್ ಮಾಡ್ಬುಟ್ರಿ?"

ಮೈಸೂರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆಯುಧಪೂಜೆಗೆ ಇಟ್ಟ ಸಾಮಾನನ್ನು ಮಾರನೇ ದಿನ ವಿಜಯದಶಮಿಯಲ್ಲಿ ಮತ್ತೆ ಪೂಜಿಸಿ ಕದಲಿಸುವ ತನಕ ಕೆಲಸಕ್ಕೆ ಎತ್ತುವುದಿಲ್ಲ. ಎತ್ತಿದರೆ ಏನಾಗುತ್ತದೆ ಎಂದು ಕೇಳಬೇಡಿ. ಯಾರೂ ಎತ್ತಿ ನೋಡಿಲ್ಲ.

ಎಲ್ಲಕ್ಕೂ ಮೂಲ ಎಂದರೆ ಮಹದೇವಪ್ಪನವರು ಹಿಂದಿನ ದಿನ ಆ ಬಾಗಿಲ ಹೊಸ್ತಿಲು ದಾಟಿ ಒಳಗೆ ಹೋಗದಿದ್ದದ್ದು. ದೂರದಿಂದ ಬೆಳ್ಳಗೆ ನಿಂತ ಕಮೋಡು ಕಂಡಿತ್ತು. ಸರಿ, ಆಯಿತು, ಬೆಳಿಗ್ಗೆ ಬರುವುದು ಚೀಲಕ್ಕೆ ಎಂದುಕೊಂಡು ಮುಖ ತಿರುಗಿಸಿದ್ದರು. ಊರವರ ಸೈಟುಗಳ ಚೆಕ್ಕುಬಂದಿ ಮೂವತ್ತು ವರ್ಷ ಬರೆದ ಮನುಷ್ಯ, ಪೂರ್ವಕ್ಕೆ ಏನು ಪಶ್ಚಿಮಕ್ಕೆ ಏನು ಎಂದು ನಿದ್ದೆಯಲ್ಲೂ ಹೇಳಬಲ್ಲರು. ಸ್ವಂತ ಕಕ್ಕಸಿನೊಳಗೆ ಏನಾಗಿದೆ ಎಂದು ನೋಡಲು ಮಾತ್ರ ಅವರಿಗೆ ಧೈರ್ಯ ಬಂದಿರಲಿಲ್ಲ. ಅದು ಅಸಹ್ಯವಲ್ಲ, ಅಪರಾಧದ ಭಾವ.

ವಿದ್ಯಾರಣ್ಯಪುರದ ಈ ಮನೆ ಅವರ ತಂದೆ ಕಟ್ಟಿಸಿದ್ದು. ಆಗಿನಿಂದ ಇದ್ದದ್ದು ಕುಕ್ಕರುಗಾಲಲ್ಲಿ ಕೂರುವ ಹಳೇ ಕಕ್ಕಸು. ಎರಡು ವರ್ಷದಿಂದ ಮಂಜುಳಮ್ಮ ಮಂಡಿ ಹಿಡಿದುಕೊಂಡು ಕೇಳುತ್ತಿದ್ದರು, "ಏನ್ರೀ, ಒಂದು ಕೂತ್ಕೊಳ್ಳೋ ಕಮೋಡು ಹಾಕಿಸಿ." ಪ್ರತಿ ಸಲವೂ ಮಹದೇವಪ್ಪನವರದ್ದು ಒಂದೇ ಉತ್ತರ: "ನಮ್ಮಪ್ಪ ಎಂಬತ್ತೆಂಟರವರೆಗೂ ಇದರಲ್ಲೇ ಕೂತೆದ್ದರು. ಕೂತು ಎದ್ದರೇನೇ ಮಂಡಿಗೆ ಒಳ್ಳೇದು." ಪರರ ಮಂಡಿಯ ಬಗ್ಗೆ ಇಷ್ಟು ಧೈರ್ಯವಾಗಿ ಮಾತಾಡುವವರು ಗಂಡಂದಿರು ಮಾತ್ರ. ಹನ್ನೊಂದು ದಿನದ ಹಿಂದೆ ಏಳಲು ಹೋದ ಮಂಜುಳಮ್ಮ ಅಲ್ಲೇ ಬಿದ್ದರು. ಆಪರೇಷನ್ನು ಆಯಿತು. ನೋಡಲು ಬಂದವರಿಗೆಲ್ಲ ಅವರು "ಕಾಲು ಜಾರಿತು" ಎಂದಷ್ಟೇ ಹೇಳಿದರು. ಗಂಡನ ಹೆಸರೆತ್ತಲಿಲ್ಲ. ಒಮ್ಮೆ ಬೈದಿದ್ದರೆ ಮಹದೇವಪ್ಪನವರು ಬದುಕಿಕೊಳ್ಳುತ್ತಿದ್ದರು.

ಬೈಗುಳಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಂಜುಳಮ್ಮ ನೀರು ಕುಡಿಯುವುದನ್ನು ನಿಲ್ಲಿಸಿದ್ದರು. ಮಲಗಿದಲ್ಲೇ ಪಾತ್ರೆ ಇಟ್ಟು, ಯಾರೋ ಎತ್ತಿ ಚೆಲ್ಲುವುದು ಅವರಿಗೆ ಸಾವಿಗಿಂತ ಹೆಚ್ಚಿನ ನಾಚಿಕೆ. ನೀರು ಕುಡಿದರೆ ತಾನೇ ಹೋಗಬೇಕಾಗುವುದು? ಬೆಳಿಗ್ಗೆ ಎರಡು ಗುಟುಕು, ಮಾತ್ರೆಗೆ ಒಂದು ಗುಟುಕು. ತುಟಿ ಒಡೆದು, ಕಣ್ಣು ಗುಳಿಬಿದ್ದು, ಡಾಕ್ಟರು ಅನುವನ್ನು ಹೊರಗೆ ಕರೆದು ರೇಗಿದ್ದರು: ಡ್ರಿಪ್ಪಿನಲ್ಲಿ ಎಷ್ಟು ದಿನ ನಡೆಸೋದು, ಹೀಗೇ ಆದರೆ ಕಿಡ್ನಿಗೆ ಪೆಟ್ಟು. ಚಕ್ರದ ಕಮೋಡ್ ಕುರ್ಚಿ ತರೋಣವೆಂದರೆ ಅದಕ್ಕೂ ಒಪ್ಪಲಿಲ್ಲ, ಅದನ್ನೂ ಯಾರೋ ಎತ್ತಬೇಕಲ್ಲ. "ಮನೆಗೆ ಕರ್ಕೊಂಡು ಹೋಗಿ. ನಾನಾಗಿ ಹೋಗಿ ಬರೋ ಹಾಗೆ ಆದ್ಮೇಲೆ ಕುಡೀತೀನಿ." ಅನು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದಳು: ನೀವು ಬರೋ ಹೊತ್ತಿಗೆ ಆಗಿರುತ್ತೆ ಅತ್ತೆ.

ಫೋನು ಬಡಿದುಕೊಂಡಿತು. ಅನುವೇ.

"ಮಾವ, ಡಿಸ್ಚಾರ್ಜ್ ಬರೆದರು. ನಾಳೆ ಜಂಬೂಸವಾರಿ, ರಸ್ತೆ ಎಲ್ಲ ಬಂದ್, ಇವತ್ತೇ ಹೊರಡಿ ಅಂದ್ರು. ಹನ್ನೊಂದೂವರೆಗೆ ಬರ್ತೀವಿ. ಅತ್ತೆ ಬೆಳಿಗ್ಗೆಯಿಂದ ಇಲ್ಲಿ ಹೋಗಿಲ್ಲ, ಮನೇಲೇ ಹೋಗ್ತೀನಿ ಅಂತ ತಡ್ಕೊಂಡಿದ್ದಾರೆ. ಪುಟ್ಟಸ್ವಾಮಿ ಬಂದ್ರಾ? ಆಯ್ತಾ?"

"ಆಯ್ತು ಕಣಮ್ಮ, ಎಲ್ಲಾ ಆಯ್ತು," ಎಂದುಬಿಟ್ಟರು ಮಹದೇವಪ್ಪನವರು. ಫೋನಿಟ್ಟವರೇ ಚಪ್ಪಲಿ ಮೆಟ್ಟಿದರು.

ಆಮೇಲಿನ ಒಂದೂವರೆ ಗಂಟೆ ಇಬ್ಬರೂ ಬಡಾವಣೆಯೆಲ್ಲ ಓಡಾಡಿದರು. ಪಕ್ಕದ ಮನೆಯ ಭಾಗ್ಯಮ್ಮನ ಹತ್ತಿರ ಸ್ಪ್ಯಾನರು ಇತ್ತು, ದೇವರ ಮುಂದೆ. ಕಕ್ಕಸು ಒಡೆದ ದಿನದಿಂದ ಇವರೆಲ್ಲ ಹೋಗುತ್ತಿದ್ದದ್ದೂ ಭಾಗ್ಯಮ್ಮನ ಮನೆಗೇ, ಆದರೆ ಅದೂ ಕುಕ್ಕರುಗಾಲಿನದು, ಮೇಲೆ ಮೂರು ಮೆಟ್ಟಿಲು ಬೇರೆ. ಮುಖ್ಯರಸ್ತೆಯ ಹಾರ್ಡ್‌ವೇರ್ ಅಂಗಡಿಯವನು ಬೂದುಗುಂಬಳ ಒಡೆದು ಶಟರು ಅರ್ಧ ಎಳೆದಿದ್ದ. "ರ್‍ಯಾಕಿಗೇ ಪೂಜೆ ಆಗೋಗದೆ ಸಾರ್, ನಾಳೆ ಸಂಜೆ ಬನ್ನಿ" ಎಂದ. ಪುಟ್ಟಸ್ವಾಮಿ ನಾಲ್ಕು ಜನ ಪ್ಲಂಬರುಗಳಿಗೆ ಫೋನು ಮಾಡಿದ. ಒಬ್ಬ ನಕ್ಕ, ಒಬ್ಬ ಬೈದ, ಇಬ್ಬರು ಎತ್ತಲಿಲ್ಲ.

ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಇಬ್ಬರೂ ಮತ್ತೆ ದೇವರ ಕೋಣೆಯ ಮುಂದೆ ನಿಂತಿದ್ದರು.

"ಪುಟ್ಟಸ್ವಾಮಿ, ಒಂದೇ ಒಂದು ಸಲ..."

"ಬೇಡ ಯಜಮಾನ್ರೆ, ಕೇಳ್ಬೇಡಿ. ನೀವ್ ಕೇಳಿ ನಾನ್ ಇಲ್ಲ ಅನ್ನೋದ್ ಚೆಂದಾಗಿರಲ್ಲ. ನಮ್ಮಪ್ಪ ಗಾರೆ ಕೆಲ್ಸದೋರು, ಪೂಜೆಗಿಟ್ಟ ಕರಣೆ ಎತ್ತುಕ್ಕೆ ಯಾರ್ಗೂ ಬುಡ್ತಿರ್ಲಿಲ್ಲ. ಅದು ನನ್ ಅನ್ನ. ನಾ ಮುಟ್ಟಲ್ಲ."

ಮಹದೇವಪ್ಪನವರಿಗೆ ಸಿಟ್ಟು ಬಂತು. ಪುಟ್ಟಸ್ವಾಮಿಯ ಮೇಲಲ್ಲ, ಅವನು ಹೇಳುವುದು ಸರಿಯೇ ಇತ್ತು. ಮಾಡಬೇಕಾದಾಗ ಎರಡು ವರ್ಷ ಏನೂ ಮಾಡದೆ ಕೂತು, ಮಾಡಬಾರದ ಹೊತ್ತಿನಲ್ಲಿ ಎದ್ದು ಮಾಡಿದ ತಮ್ಮ ಮೇಲೆ. ತುಟಿ ಒಡೆದುಕೊಂಡು ಆಟೋದಲ್ಲಿ ಬರಲಿರುವವಳು ಬಾಗಿಲ ತನಕ ಬಂದು, ಅಲುಗಾಡುವ ಆ ಬಿಳೀ ಪಿಂಗಾಣಿ ನೋಡಿ, ಮತ್ತೆ ಏನೂ ಹೇಳದೆ ಸುಮ್ಮನಾದರೆ? ಆ ಸುಮ್ಮನಾಗುವುದನ್ನು ಇನ್ನೊಂದು ಸಲ ನೋಡುವ ಶಕ್ತಿ ತಮಗಿಲ್ಲ ಎಂದು ಅವರಿಗೆ ಖಂಡಿತ ಗೊತ್ತಿತ್ತು.

"ಪೂಜೆ ಮಾಡಿದೋನು ನಾನು. ಕದಲಿಸೋನೂ ನಾನೇ," ಎಂದರು. "ಕೆಲಸಾನೂ ನಾನೇ ಮಾಡ್ತೀನಿ. ನೀನು ಮುಟ್ಟಬೇಡ, ಬಾಗಿಲಲ್ಲಿ ನಿಂತು ಹೇಳು. ಬರೋದೇನಿದ್ರೂ ನನಗೇ ಬರಲಿ. ಆದರೆ ಸಾಮಾನು ನಿಂದು. ನೀನು ಒಪ್ಪಿದರೆ ಮಾತ್ರ."

ಪುಟ್ಟಸ್ವಾಮಿ ಅವರನ್ನು ಮೇಲಿಂದ ಕೆಳಗೆ ನೋಡಿದ. ಎಪ್ಪತ್ತು ವರ್ಷ, ಮಡಿಪಂಚೆ, ಪೆನ್ನು ಬಿಟ್ಟು ಬೇರೇನೂ ಹಿಡಿಯದ ಬೆರಳು. ಆಮೇಲೆ ದೇವರ ಕಡೆ ತಿರುಗಿ ಕೈಮುಗಿದ.

"ಅಮ್ಮಾರು ನೀರ್ ಕುಡೀಬೇಕಲ್ಲ. ಎತ್ಕಳಿ."

ಮಹದೇವಪ್ಪನವರು ಹೂವು ಸರಿಸಿದರು. ಶಿವನೇ, ತಪ್ಪು ನಂದು ಎಂದುಕೊಂಡು ಸ್ಪ್ಯಾನರು ಎತ್ತಿದರು. ಏನೂ ಆಗಲಿಲ್ಲ. ದೀಪ ಉರಿಯುತ್ತಲೇ ಇತ್ತು.

ಕಕ್ಕಸಿನೊಳಗೆ ಮಂಡಿಯೂರಿದಾಗ ಹೊಸ ಸಿಮೆಂಟಿನ ವಾಸನೆ ಮೂಗಿಗೆ ಬಡಿಯಿತು. ಬಾಗಿಲಲ್ಲಿ ಕೈಕಟ್ಟಿ ನಿಂತ ಪುಟ್ಟಸ್ವಾಮಿ ಹೇಳುತ್ತಾ ಹೋದ. "ವಾಷರ್ ಮೊದ್ಲು. ಅದಲ್ಲ, ರಬ್ಬರ್‍ದು. ಆಮೇಲ್ ನಟ್ಟು. ಬಲಕ್ ತಿರುಗಿಸಿ. ಬಲಕ್ಕೆ ಯಜಮಾನ್ರೆ, ಅದು ಎಡ! ಆಂ, ಅಂಗೆ. ಎರಡೂ ಕಡೆ ಸಮವಾಗ್ ಬರ್ಬೇಕು. ಜಾಸ್ತಿ ಬಿಗೀಬೇಡಿ, ಪಿಂಗಾಣಿ ಬಿರುಕ್ ಬುಟ್ರೆ ಇವತ್ತು ಇನ್ನೊಂದು ಸಿಗಲ್ಲ."

ಆ ಮಾತು ಕೇಳಿದ್ದೇ ಮಹದೇವಪ್ಪನವರು ಸ್ಪ್ಯಾನರನ್ನು ಇನ್ನೂ ಮೆಲ್ಲಗೆ ತಿರುಗಿಸಿದರು. ಕಾಲು ಸುತ್ತು, ಇನ್ನೊಂದು ಕಾಲು ಸುತ್ತು. ಟಕ್ಕೆಂದಿತು. ಪುಟ್ಟಸ್ವಾಮಿ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು ನೋಡಿ, "ವಾಷರ್ ಕೂತ್ಕಂಡ ಸದ್ದು, ಏನಾಗಿಲ್ಲ" ಎಂದ.

ಟ್ಯಾಂಕು ಕೂರಿಸುವ ಹೊತ್ತಿಗೆ ಹತ್ತೂಮುಕ್ಕಾಲು. ಪೈಪು ಜೋಡಿಸಿ ನಲ್ಲಿ ಬಿಟ್ಟರೆ ಕೊಂಡಿಯಲ್ಲಿ ನೀರು ತೊಟ್ಟಿಕ್ಕಿತು. ಬಿಚ್ಚಿ, ಟೇಪು ಸುತ್ತಿ, ಮತ್ತೆ ಬಿಗಿದರು. ಮತ್ತೂ ತೊಟ್ಟಿಕ್ಕಿತು. ಪುಟ್ಟಸ್ವಾಮಿಗೆ ತಡೆಯಲಾಗದೆ ಕೈ ಮುಂದೆ ಬರುತ್ತಿತ್ತು, ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಮೂರನೇ ಸಲಕ್ಕೆ ನಿಂತಿತು.

ಇನ್ನು ಕಂಬಿ. ಅದಕ್ಕೆ ಏಳಬೇಕು. ಏಳಲು ಹೋದಾಗ ಮಹದೇವಪ್ಪನವರ ಮಂಡಿ ಒಪ್ಪಲಿಲ್ಲ. ನೆಲ ಒದ್ದೆ. ಕೈ ಆಧಾರಕ್ಕೆ ತಡಕಿತು; ಗೋಡೆ ನುಣುಪು, ಹಿಡಿಯಲು ಏನೂ ಇಲ್ಲ. ಮೂಲೆಯಲ್ಲಿದ್ದದ್ದು ನೀರಿನ ಬಕೆಟ್ಟು ಒಂದೇ. ಅದರ ಅಂಚು ಹಿಡಿದು ಭಾರ ಬಿಟ್ಟರು. ಬಕೆಟ್ಟು ವಾಲಿತು, ಜಾರಿತು, ಅವರು ಒಂದು ಪಕ್ಕಕ್ಕೆ ಕುಸಿದರು. ಪುಟ್ಟಸ್ವಾಮಿ ರಟ್ಟೆ ಹಿಡಿಯದಿದ್ದರೆ ಆಸ್ಪತ್ರೆಯ ಆ ಮಂಚ ಖಾಲಿಯಾಗುವುದೇ ತಡ, ಇವರು ಹೋಗಿ ಮಲಗಬೇಕಾಗಿತ್ತು.

ಬಿದ್ದ ಬಕೆಟ್ಟನ್ನು ಮಹದೇವಪ್ಪನವರು ಕೂತಲ್ಲಿಂದಲೇ ಎತ್ತಿ ನಿಲ್ಲಿಸಿದರು. ಮಂಜುಳಮ್ಮನಿಗೂ ಹಿಡಿಯಲು ಇದ್ದದ್ದು ಇದೇ ಬಕೆಟ್ಟು. ಎರಡು ವರ್ಷ, ದಿನಕ್ಕೆ ಎಷ್ಟು ಸಲ ಅವಳು ಇದನ್ನು ಹಿಡಿದು ಎದ್ದಳೋ. ಪ್ರತಿ ಸಲವೂ ಈ ಹೆದರಿಕೆ.

"ಪೆಟ್ಟಾಯ್ತಾ ಯಜಮಾನ್ರೆ?"

"ಇಲ್ಲಪ್ಪ. ಕಂಬಿ ಕೊಡು... ಅಲ್ಲ, ನಾನೇ ತಗೋತೀನಿ."

ಗೋಡೆಯ ತೂತುಗಳನ್ನು ಪುಟ್ಟಸ್ವಾಮಿ ಹಿಂದಿನ ದಿನವೇ ಕೊರೆದಿದ್ದ. ನಾಲ್ಕು ಸ್ಕ್ರೂ. ನಾಲ್ಕನೆಯದು ಕೊನೆಯ ಸುತ್ತಿನಲ್ಲಿದ್ದಾಗ ಮನೆ ಮುಂದೆ ಆಟೋ ನಿಂತ ಸದ್ದಾಯಿತು. ಮಹದೇವಪ್ಪನವರು ಎರಡೂ ಕೈಯಲ್ಲಿ ಕಂಬಿ ಹಿಡಿದು ಇಡೀ ಮೈಯ ಭಾರ ಹಾಕಿ ಜೋತುಬಿದ್ದರು. ಕಂಬಿ ಅಲುಗಲಿಲ್ಲ. ಇನ್ನೊಂದು ಸಲ ಜೋತುಬಿದ್ದರು.

ಮಂಜುಳಮ್ಮ ವಾಕರು ಹಿಡಿದು, ಅನುವಿನ ಆಸರೆಯಲ್ಲಿ, ಹೆಜ್ಜೆಗೊಂದು ಉಸಿರು ಬಿಡುತ್ತಾ ನೇರ ಹಿತ್ತಲಿಗೇ ಬಂದರು. ಯಾರ ಕಡೆಯೂ ನೋಡಲಿಲ್ಲ. ಒಳಗೆ ಅನು ಕೂರಿಸಿ ಕಂಬಿಯ ಮೇಲೆ ಕೈ ಇರಿಸಿದಳು. "ನೀನು ಹೊರಗೆ ಹೋಗಮ್ಮ," ಎಂದ ಮಂಜುಳಮ್ಮನ ದನಿ ಕೇಳಿತು. ಅನು ಬಾಗಿಲು ಮುಂದೆ ಮಾಡಿಕೊಂಡು ಬಂದಳು.

ಹೊರಗೆ ಮೂವರೂ ನಿಂತರು. ಮಹದೇವಪ್ಪನವರ ತಲೆಯಲ್ಲಿ ಎಡಗಡೆಯ ನಟ್ಟೊಂದೇ ತಿರುಗುತ್ತಿತ್ತು. ಅದಕ್ಕೆ ಕಾಲು ಸುತ್ತು ಕಡಿಮೆ ಆಯಿತೇ? ಒಳಗೆ ಏನೋ ಕಿರ್ರೆಂದಿತು. ಅವರು ಪುಟ್ಟಸ್ವಾಮಿಯ ಮುಖ ನೋಡಿದರು. ಪುಟ್ಟಸ್ವಾಮಿ ನೆಲ ನೋಡುತ್ತಿದ್ದ. ಎರಡು ನಿಮಿಷ, ಮೂರು ನಿಮಿಷ. "ಅತ್ತೆ?" ಎಂದಳು ಅನು.

ಆಮೇಲೆ ಭರ್ರೆಂದು ನೀರು ಬಿದ್ದ ಸದ್ದು ಕೇಳಿತು. ಟ್ಯಾಂಕು ತುಂಬತೊಡಗಿತು. ಬಾಗಿಲು ಒಳಗಿನಿಂದಲೇ ತೆರೆಯಿತು. ಮಂಜುಳಮ್ಮ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ವಾಕರು ಹಿಡಿದು ತಾವಾಗಿಯೇ ಎದ್ದು ನಿಂತಿದ್ದರು.

"ಅನು, ಒಂದು ಲೋಟ ನೀರು ಕೊಡಮ್ಮ."

ಅನು ಓಡಿಹೋಗಿ ಕಾಫಿ ಲೋಟದಲ್ಲಿ ತಂದಳು. ಮಂಜುಳಮ್ಮ ಅದನ್ನು ನೋಡಿ ತಲೆಯಾಡಿಸಿದರು. "ಇದಲ್ಲ. ದೊಡ್ಡ ಲೋಟದಲ್ಲಿ ತಾ."

ದೊಡ್ಡ ಲೋಟದ ನೀರನ್ನು ಅವರು ನಡುವೆ ನಿಲ್ಲಿಸದೆ ಕುಡಿದರು. ಕುಡಿದು, ಬಾಯಿ ಒರೆಸಿಕೊಂಡು, ಮೊದಲ ಸಲ ಗಂಡನ ಕಡೆ ನೋಡಿದರು. ಮಹದೇವಪ್ಪನವರ ಪಂಚೆ ಮಂಡಿಯ ಹತ್ತಿರ ಸಿಮೆಂಟು ನೀರಲ್ಲಿ ಒದ್ದೆಯಾಗಿತ್ತು, ಕೈಯಲ್ಲಿದ್ದ ಸ್ಕ್ರೂಡ್ರೈವರಿನ ಮೇಲೆ ಕುಂಕುಮ ಇನ್ನೂ ಇತ್ತು.

"ನೀವೇ ಮಾಡಿದ್ರಾ?"

"ಹೂಂ."

"ಅಲ್ಲಿ ಕೆಳಗೆ ಕೂತೋರು ಏಳೋಕೆ ಏನು ಹಿಡ್ಕೊಂಡ್ರಿ?"

ಮಹದೇವಪ್ಪನವರಿಗೆ ಸುಳ್ಳು ಹೇಳಲು ಆಗಲಿಲ್ಲ. "ಬಕೆಟ್ಟು ಹಿಡ್ಕೊಂಡೆ," ಎಂದರು. "ಜಾರಿತು."

ಮಂಜುಳಮ್ಮ ಮೂಲೆಯ ಬಕೆಟ್ಟಿನ ಕಡೆ ತಿರುಗಿದರು. ಕಣ್ಣಲ್ಲಿ ನೀರಾಡಿತು, ಆದರೆ ಹರಿಯಲಿಲ್ಲ.

"ಹಂಗೇ ಅದು," ಎಂದು ಲೋಟವನ್ನು ಗಂಡನ ಕೈಗೇ ಚಾಚಿದರು. "ಇನ್ನೊಂದು ಲೋಟ ನೀರು ಕೊಡಿ."