ಇನ್ನೊಂದು ‘ಗೆ’

ಗೋಂದು ಮತ್ತೆ ಉಗುರಿನ ಸಂದಿಗೆ ಹೋಯಿತು, ಒಣಗಿದ ಮೇಲೆ ಪೊರೆಯ ಹಾಗೆ ಕಿತ್ತು ಬರುತ್ತದೆ, ಕೀಳುವುದು ಒಂದು ಸುಖ, ಆದರೆ ಈಗ ಅದಕ್ಕೆಲ್ಲ ಹೊತ್ತೆಲ್ಲಿ, ಅತ್ತಿಗೆ ಬಸ್ಸು ಹತ್ತಿಯಾಗಿದೆ, ಕಿಟಕಿ ಪಕ್ಕದ ಸೀಟೇ ಸಿಕ್ತು ಕಣೇ ಅಂತ ಫೋನೂ ಬಂದಾಯಿತು, ನಾನಿಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತು ನನ್ನ ಪುಸ್ತಕಕ್ಕೆ ನಾನೇ ತೇಪೆ ಹಚ್ಚುತ್ತಿದ್ದೇನೆ, ಒಂದೇ ಒಂದು ಪದದ ಅಗಲದ ಚೀಟಿ, ಅದರ ಮೇಲೆ ‘ಅತ್ತಿಗೆಗೆ’, ಅದು ಹೋಗಿ ಕೂರಬೇಕಾದದ್ದು ‘ಅತ್ತೆಗೆ’ ಎಂಬುದರ ಮೇಲೆ, ಸರಿಯಾಗಿ ಅದರ ಮೇಲೆಯೇ, ಕೂದಲೆಳೆಯಷ್ಟು ಓರೆಯಾದರೂ ಕೆಳಗಿನ ‘ತ್ತೆ’ ತಲೆ ಹೊರಗೆ ಹಾಕುತ್ತದೆ, ನನ್ನನ್ನು ಎಲ್ಲಿ ಮುಚ್ಚುತ್ತೀಯ ಅನ್ನುವ ಹಾಗೆ. ನಾನು ಬರೆದು ಕೊಟ್ಟದ್ದು ಸರಿಯಾಗಿಯೇ ಇತ್ತು, ‘ನನ್ನ ಪ್ರತಿ ಮಾತನ್ನೂ ಕಿವಿಗೊಟ್ಟು ಕೇಳಿದ ಅತ್ತಿಗೆಗೆ’, ಇಡೀ ಪುಸ್ತಕದಲ್ಲಿ ನಾನು ಹೆಚ್ಚು ಸಲ ಹೊಡೆದು ಬರೆದ ಸಾಲು ಅದು, ಆಮೇಲೆ ಪುಟ ಕಟ್ಟುವ ಡಿ.ಟಿ.ಪಿ.ಯವನ ಕೈಗೆ ಹೋಯಿತು, ಒಳ್ಳೆಯ ಮನುಷ್ಯ, ಅದೇ ತೊಂದರೆ, ಒಳ್ಳೆಯವರಿಗೆ ಸುಮ್ಮನಿರಲು ಬರುವುದಿಲ್ಲ, ಮೇಡಂ ಅಲ್ಲಿ ಗೆ ಗೆ ಅಂತ ಎರಡು ಸಲ ಬಿದ್ದಿತ್ತು, ಕೈತಪ್ಪು ಅಂದ್ಕೊಂಡು ಒಂದನ್ನ ತೆಗೆದೆ, ತೆಗೆದ್ರೆ ಬರೀ ಅತ್ತಿಗೆ ಅಂತ ಉಳೀತು, ಅರ್ಪಣೆ ಅಂದ್ಮೇಲೆ ಯಾರಿಗೆ ಅಂತ ಇರ್ಬೇಕಲ್ವಾ, ಓಹೋ ಅತ್ತೆಗೆ ಅನ್ನೋ ಕಡೆ ಏತ್ವ ಹೋಗಿ ಗುಡಿಸು ಬಂದಿದೆ ಅಂತ ಸರಿ ಮಾಡ್ಬಿಟ್ಟೆ — ಸರಿ ಮಾಡಿಬಿಟ್ಟನಂತೆ, ಒಂದು ಗುಡಿಸು ಕಿತ್ತು ಏತ್ವ ಹಚ್ಚಿ ನನ್ನ ಸಂಸಾರವನ್ನೇ ತಿದ್ದಿಬಿಟ್ಟ, ಮೇಲೆ ಬೇರೆ, ಹೋಗ್ಲಿ ಬಿಡಿ ಮೇಡಂ, ಮನೇಲಿ ನೆಮ್ಮದಿಯಾಗಿರುತ್ತೆ. ಕೊನೆಯ ಕರಡು ನೋಡಿದವಳು ನಾನೇ ತಾನೇ, ಒಳಗಿನ ಅಲ್ಪವಿರಾಮಗಳನ್ನೆಲ್ಲ ಹೇನು ಹೆಕ್ಕಿದ ಹಾಗೆ ಹೆಕ್ಕಿದೆ, ಮೊದಲ ಪುಟವನ್ನು ಮಾತ್ರ ತಿರುವಿ ಹಾಕಿದೆ, ಅರ್ಪಣೆಯಲ್ಲಿ ತಪ್ಪು ಹುಡುಕುವವರು ಯಾರು.

ಹೋಗಲಿ ಬಿಡಿ ಅನ್ನಲು ಅತ್ತಿಗೆ ಬೇರೆ ಯಾರೋ ಆಗಿದ್ದರೆ ಆಗುತ್ತಿತ್ತು, ಅಮ್ಮ ಹೋದಾಗ ನಾನು ಜಡೆ ಹಾಕಿಕೊಳ್ಳಲೂ ಬಾರದವಳು, ಅಣ್ಣ ಮದುವೆಯಾಗಿ ಕರೆತಂದ ಹೆಂಗಸು ಬಂದವಳೇ ಹೊಲಿಗೆ ಯಂತ್ರವನ್ನು ಕಿಟಕಿಗೆ ಸರಿಸಿ, ನನ್ನನ್ನು ಅದರ ಪಕ್ಕದ ಮಣೆಯ ಮೇಲೆ ಕೂರಿಸಿ, ನನ್ನ ಕಣ್ಣು ಬಟ್ಟೆ ಮೇಲಿರುತ್ತೆ, ಕಿವಿ ಖಾಲಿ ಇದೆ, ಏನಾದ್ರೂ ಓದು ಅಂದಳು, ಏನಾದರೂ ಅಂದರೆ ಏನಾದರೂ, ಪೊಟ್ಟಣ ಕಟ್ಟಿ ಬಂದ ಹಳೆಯ ಪತ್ರಿಕೆ, ಶಾಲೆಯ ಪಾಠ, ಕೊನೆಗೆ ಓದಲು ಏನೂ ಉಳಿಯದೆ ನಾನೇ ಕಟ್ಟಿ ಹೇಳಿದ್ದು, ಚಕ್ರ ಓಡುತ್ತಿದ್ದರೂ ನನ್ನ ದನಿ ಸಣ್ಣದಾದರೆ ಕಾಲು ನಿಲ್ಲುತ್ತಿತ್ತು, ಆಮೇಲೆ, ಅನ್ನುತ್ತಿದ್ದಳು, ಬರೀ ಅಷ್ಟೇ, ಆಮೇಲೆ, ಈಗಲೂ ಬರೆಯುವಾಗ ಪ್ಯಾರಾ ಮುಗಿದರೆ ಅದೇ ಕೇಳುತ್ತದೆ. ಅವಳಿಗೆ ನಾನು ನೀನು ಅನ್ನುತ್ತೇನೆ, ಅತ್ತೆಗೆ ನೀವು, ಇಷ್ಟು ವರ್ಷವಾದರೂ ನೀವು ನೀವೇ, ಎರಡು ಮನೆ, ಎರಡು ಮಾತು, ನಡುವೆ ಒಂದು ‘ಗೆ’ ಕಾಣೆಯಾದರೆ ಎಲ್ಲ ಕಲಸುಮೇಲೋಗರ. ಪುಸ್ತಕ ನಿನಗೇ ಅಂತ ಮೊದಲೇ ಹೇಳಿಬಿಟ್ಟಿದ್ದೇನೆ ಬೇರೆ, ನನಗ್ಯಾಕೇ ಅದೆಲ್ಲ ಅಂದವಳು ಮರುದಿನವೇ ಫೋನು ಮಾಡಿ ಯಾವ ಪುಟದಲ್ಲಿರುತ್ತೆ ಅಂತ ಕೇಳಿದಳು, ದನಿಯಲ್ಲಿ ನಾಚಿಕೆ, ಮೊದಲನೇದರಲ್ಲೇ ಅತ್ತಿಗೆ, ಎಲ್ಲಕ್ಕಿಂತ ಮೊದಲು.

ಈ ಪ್ರತಿ ಚೆನ್ನಾಗಿ ಕೂತಿತು, ಮೇಲೆ ನಿಘಂಟು ಹೇರಿಡಬೇಕು, ಮಂಚದ ಕೆಳಗೆ ಇನ್ನೂ ಕಟ್ಟುಗಳಿವೆ, ಬಟ್ಟೆ ಬೀರುವಿನಲ್ಲಿವೆ, ಫ್ರಿಜ್ಜು ಬಂದ ಡಬ್ಬದಲ್ಲಿವೆ, ಗಂಡ ಚಪ್ಪಲಿ ಹುಡುಕಿದರೂ ನನ್ನ ಪುಸ್ತಕವೇ ಕೈಗೆ ಸಿಗುತ್ತದೆ, ಈ ಮನೆಯಲ್ಲಿ ನಿನ್ನ ಓದದೆ ಇರೋಕೆ ಜಾಗಾನೇ ಇಲ್ಲ ಅನ್ನುತ್ತಾರೆ, ಬರೆಯುವುದು ನಾನು, ಪ್ರಕಾಶಕಿ ನಾನು, ಚೀಲ ಹೊತ್ತು ಪುಸ್ತಕದಂಗಡಿಗೆ ಹಾಕುವವಳು ನಾನು, ಅಂಗಡಿಯಾತ ಮುಖ ನೋಡಿ ಲೇಖಕರು ಬರಲಿಲ್ವಾ ಅಂತ ಕೇಳಿದಾಗ, ಬರ್ತಾರೆ, ಹಿಂದೆ ಇದಾರೆ ಅಂತ ಹೇಳಿ ಬಂದವಳೂ ನಾನೇ. ‘ಒಳಹೊಲಿಗೆ’ ಅಂತ ಹೆಸರಿಟ್ಟೆನಲ್ಲ, ಆತ ಅದನ್ನು ಕಸೂತಿ ಪುಸ್ತಕಗಳ ಸಾಲಿಗೆ ಸೇರಿಸಿದ, ನೋಡಿ ಮೈ ಉರಿಯಿತು, ತೆಗೆದು ಕಥೆಗಳ ಸಾಲಿಗಿಟ್ಟೆ, ಮತ್ತೆ ಹೋದಾಗ ಕಸೂತಿಗೇ ಮರಳಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ನಿನ್ನೆ ಆ ಹೆಂಗಸಿನ ಫೋನು, ಹಿಂದಿನ ರಕ್ಷಾಪುಟದಲ್ಲಿ ನಂಬರ್ ಇತ್ತು ಅಂತ ಮಾಡಿದೆ, ನಿಮ್ಮ ಪುಸ್ತಕದಲ್ಲಿ ತೋಳಿನ ಅಳತೆ ಎಲ್ಲೂ ಇಲ್ವಲ್ಲ, ಇಲ್ಲಮ್ಮ, ಅದು ಕಥೆ ಪುಸ್ತಕ, ಹೌದಾ, ಇನ್ನೇನು ಇಟ್ಟುಬಿಡುತ್ತಾಳೆ ಅಂದುಕೊಂಡೆ, ಅಲ್ಲ ಮತ್ತೆ ಗುಂಡಿ ಕಳೆದುಕೊಂಡವಳದ್ದೊಂದು ಇದೆಯಲ್ಲ, ಅದನ್ನ ಅಳತೆ ಇರುತ್ತೇನೋ ಅಂತ ಓದ್ತಾ ಹೋದೆ, ಒಲೆ ಮೇಲೆ ಹಾಲಿಟ್ಟಿದ್ದೆ, ಪೂರ್ತಿ ಉಕ್ಕಿಹೋಯ್ತು. ಯಾರೋ ಕಾಣದವಳ ಮನೆಯ ಹಾಲು ನನ್ನಿಂದ ಉಕ್ಕಿತು, ಫೋನು ಕಿವಿಗಿಟ್ಟುಕೊಂಡೇ ಅಡುಗೆಮನೆಯಲ್ಲಿ ಕುಣಿದೆ, ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಬೇಡ, ಕ್ಷಮಿಸಿ ಅಂದೆನಾದರೂ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ. ಆ ಹೆಂಗಸೂ ಕೊನೆಗೆ, ಅತ್ತೆಗೆ ಅಂತ ಹಾಕಿದೀರಲ್ಲ, ಈ ಕಾಲದಲ್ಲಿ ಯಾರು ಹಾಕ್ತಾರೆ, ನಮ್ಮತ್ತೆಗೆ ತೋರಿಸಿದೆ ಅಂದಳು, ಅಲ್ಲಿಗೆ ಕುಣಿತ ನಿಂತಿತು.

ಆಚೆ ಕುರ್ಚಿ ಕಿರುಗುಟ್ಟಿತು, ಅತ್ತೆ ಎದ್ದರು, ಇಲ್ಲ, ಮತ್ತೆ ಕೂತರು. ಬಾಗಿಲು ಹಾಕಿಕೊಂಡದ್ದು ಅವರ ಕಣ್ಣಿಗೆ ಹೆದರಿ, ಕಿವಿಗಲ್ಲ, ಅವರ ಕಿವಿ ಹೋಗಿ ಬಹಳ ಕಾಲವಾಯಿತು, ಗುಟ್ಟು ಅಂದರೆ ಈ ಮನೆಯಲ್ಲಿ ಅತ್ತೆಯ ಎದುರಿಗೇ ಮಾಮೂಲಿ ದನಿಯಲ್ಲಿ ಆಡುವ ಮಾತು, ಗಂಡ ಓಡಾಡಿ ಕಿವಿಯ ಯಂತ್ರ ತಂದುಕೊಟ್ಟಿದ್ದರು, ಅತ್ತೆ ಅರ್ಧ ದಿನ ಹಾಕಿಕೊಂಡು, ತಟ್ಟೆ ಲೋಟ ಎಲ್ಲ ತಲೆ ಒಳಗೇ ಬಿದ್ದ ಹಾಗಾಗುತ್ತೆ ಅಂತ ಕಿತ್ತು ಮೇಜಿನ ಖಾನೆಗೆ ಹಾಕಿದರು, ಅಲ್ಲಿಗೆ ಮುಗಿಯಿತು. ಪುಸ್ತಕದ ಕಟ್ಟು ಬಂದ ದಿನ ನಾನು ಒದ್ದೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಗಂಡ ಹುರಿ ಕತ್ತರಿಸಿ ಮೊದಲ ಪುಟಕ್ಕೆ ಹೋಗಿಯಾಗಿತ್ತು, ಅವರ ಅಮ್ಮನ ಕಿವಿಗೆ ಬಾಯಿಟ್ಟು, ಅಮ್ಮಾ ನಿಂಗೇ ಅಂತೆ, ನಿನ್ನ ಹೆಸರಲ್ಲೇ ಅಂತೆ, ಅತ್ತೆ ಕೇಳಿದರು, ನಂಗಾ, ಬೀದಿಗೆಲ್ಲ ಕೇಳುವ ಹಾಗೆ, ಕಿವಿ ಕೇಳದವರ ದನಿ ಯಾವಾಗಲೂ ದೊಡ್ಡದು, ನಂಗಾ, ಮತ್ತೆ ನನ್ನ ಕಡೆ ತಿರುಗಿ, ನಂಗಾ. ಆಗಲೇ ಹೇಳಬೇಕಿತ್ತು, ಇಲ್ಲ, ತಪ್ಪಾಗಿದೆ ಅಂತ, ನಾಲಿಗೆ ತುದಿಗೆ ಬಂದಿತ್ತು, ಗಂಡನ ಮುಖ ನೋಡಿದೆ, ಮದುವೆಯಾದಾಗಿನಿಂದ ಅಷ್ಟು ತುಂಬಿದ ಮುಖ ನೋಡಿರಲಿಲ್ಲ, ಆಮೇಲೆ ಅಡುಗೆಮನೆಗೆ ಬಂದು ಹೇಳಿದರು, ಕಿವಿಗೊಟ್ಟು ಅಂತ ಓದಿದಾಗ ಅಮ್ಮನ್ನ ಕುಟುಕಿದೀಯೇನೋ ಅಂತ ಒಂದು ಗಳಿಗೆ ಅನ್ನಿಸ್ತು, ಆದ್ರೆ ನೀನು ಅಂಥವಳಲ್ಲ. ನಾನು ಅಂಥವಳಲ್ಲ, ಆದರೆ ಅತ್ತೆ ಎಂಥವರು, ಬರೆಯಲು ಕೂತರೆ ಏನೋ ಗೀಚ್ತಾಳೆ ಅಂದವರು, ನನ್ನ ಮೊದಲ ಕಥೆ ಅಚ್ಚಾದ ಪತ್ರಿಕೆಯ ಮೇಲೆ ಬಿಸಿ ಪಾತ್ರೆ ಇಟ್ಟವರು, ಅವರು ಈಗ ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾರೆ, ಔಷಧಿ ಅಂಗಡಿಯವನಿಗೂ ತೋರಿಸಿ ಬಂದಿದ್ದಾರೆ, ನಾನು ಬರೆಯುವಾಗ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಾರೆ, ಒಗೆದ ಬಟ್ಟೆ ಮಡಚುತ್ತಾ, ಒಮ್ಮೊಮ್ಮೆ ನನ್ನ ಬಾಯನ್ನೇ ನೋಡುತ್ತಾ, ನಾನು ಬರೆದದ್ದನ್ನು ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸದವಳು, ಹಾಳು ಅಭ್ಯಾಸ, ಹೊಲಿಗೆ ಯಂತ್ರದ ಪಕ್ಕ ಬೆಳೆದದ್ದು. ಡಿ.ಟಿ.ಪಿ.ಯವನಿಗೆ ಫೋನು ಮಾಡಿದಾಗಲೂ ಅವರು ಅಲ್ಲೇ ಇದ್ದರು, ಟವೆಲ್ಲು ಮಡಚುತ್ತಿದ್ದರು, ನಾನು ಎಂದಿನ ಹಾಗೆ ಅವರ ಎದುರಿಗೇ ಕೂಗಾಡಿದೆ, ಅತ್ತೆಗೆ ನಾನ್ಯಾಕ್ರೀ ಅರ್ಪಿಸ್ಲಿ, ಈ ಮನೆಗೆ ಬಂದಾಗಿಂದ ನನ್ನ ಒಂದು ಮಾತು ಕಿವಿಗೆ ಹಾಕ್ಕೊಂಡೋರಲ್ಲ, ಕಿವಿ ಚೆನ್ನಾಗಿದ್ದಾಗ್ಲೇ ಕೇಳ್ಲಿಲ್ಲ, ಈಗ ಹೊಗಳಿ ಯಾವ ಊರು ಉದ್ಧಾರ ಆಗ್ಬೇಕು — ಅತ್ತೆಯ ಬೆರಳು ಕಿವಿಯ ಮೇಲಿನ ಬಿಳಿ ಕೂದಲೊಳಗೆ ಹೋಯಿತು, ಏನನ್ನೋ ಒತ್ತಿದ ಹಾಗೆ, ಕಿವಿ ಕಡಿಯುತ್ತಿದೆ ಅಂದುಕೊಂಡೆ, ಸಂಜೆ ಗಂಡನಿಗೆ ಹೇಳಿ ಹನಿ ಔಷಧಿ ತರಿಸಿದೆ, ಸೊಸೆಯ ಕರ್ತವ್ಯ, ಬಾಟಲಿ ಬಿಚ್ಚದೆಯೇ ಕಿಟಕಿಯ ಮೇಲಿದೆ. ನಿನ್ನೆ ಊಟ ಬಡಿಸುವಾಗಲೂ ಹಾಗೇ, ಬೆರಳು, ಕೂದಲು, ಒತ್ತುವುದು.

ಲೆಕ್ಕಾಚಾರ ಇಷ್ಟೇ, ಚೀಟಿ ಹಚ್ಚಿದ ಪ್ರತಿ ಅತ್ತಿಗೆಗೆ, ಹಚ್ಚದ ಪ್ರತಿ ಅತ್ತೆಯ ದಿಂಬಿನ ಕೆಳಗೆ, ಎರಡೂ ಒಂದೇ ಕೋಣೆಯಲ್ಲಿ ತೆರೆಯಬಾರದು, ತೆರೆದರೆ ನಾನು ಇಬ್ಬರಿಗೂ ಸುಳ್ಳಿ, ಒಬ್ಬಳ ಪಾಲನ್ನು ಕಿತ್ತು ಇನ್ನೊಬ್ಬರಿಗೆ ಕೊಟ್ಟವಳು, ಕೊಟ್ಟದ್ದನ್ನೂ ವಾಪಸ್ಸು ಕಸಿದವಳು. ಗೇಟಿನ ಸದ್ದು, ಬಂದೇಬಿಟ್ಟಳು, ಬಟ್ಟೆಯ ಅಂಚಿಗೆ ಅಂಟಿದ ನೀಲಿ ದಾರ, ಅದೇ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ, ತಬ್ಬಿಕೊಂಡರೆ ಮೂಗಿಗೆ ಬಾಲ್ಯವೆಲ್ಲ, ಸೊರಗಿದೀಯಲ್ಲೇ, ಬರೀ ಬರ್ಕೊಂಡು ಕೂತಿರ್ತೀಯೇನು, ಅತ್ತೆ ನಡುಮನೆಯಿಂದಲೇ, ಬೀಗಿತ್ತಿ ಬಂದ್ಲಾ, ಬಾಮ್ಮ, ಕೂತ್ಕೋ, ಚಹಾ ಮಾಡಿದೆ, ಸಕ್ಕರೆ ಹಾಕಿದೆನೋ ಇಲ್ಲವೋ, ಅತ್ತಿಗೆ ಕಪ್ಪು ಪಕ್ಕಕ್ಕಿಟ್ಟು ಕೈ ಚಾಚಿದಳು, ಎಲ್ಲೇ ಅದು. ಕೊಟ್ಟೆ, ಅವಳು ಮೊದಲ ಪುಟ ತೆರೆದಳು, ಓದುವ ಮೊದಲೇ ಹೆಬ್ಬೆರಳು ಸಾಲಿನ ಮೇಲೆ ಹೋಯಿತು, ಬಟ್ಟೆ ತಡವಿ ಅಭ್ಯಾಸವಾದ ಬೆರಳು, ಇದೇನೇ, ಇಲ್ಲಿ ದಪ್ಪ ಇದೆ, ತೇಪೆ ಹಾಕಿದೀಯಾ. ಅತ್ತೆ ಎದುರಿಗೇ ಕೂತಿದ್ದಾರೆ, ಕಿಟಕಿಯ ಕಡೆ ಮುಖ, ಎಂದೂ ಇಲ್ಲದ್ದು ನಾನು ದನಿ ತಗ್ಗಿಸಿದೆ, ಅತ್ತಿಗೆ, ತಪ್ಪಾಗಿ ಅತ್ತೆಗೆ ಅಂತ ಬಿದ್ದುಬಿಟ್ಟಿದೆ, ಅವರು ನಂಬ್ಕೊಂಡಿದಾರೆ, ಹೇಳೋಕೆ ಬಾಯಿ ಬರಲಿಲ್ಲ, ನಿಂದೇ ಇದು, ನಿಂಗೇ ಬರೆದಿದ್ದು, ಅತ್ತಿಗೆ ಚೀಟಿಯ ಮೇಲೆ ಬೆರಳಿಟ್ಟು ಕೂತಳು, ಮುಖ ಒಮ್ಮೆ ಸಣ್ಣದಾಯಿತು, ನೋಡಿದೆ, ಆಮೇಲೆ ನಕ್ಕಳು, ಅವರಿಗೇ ಇರ್ಲಿ ಬಿಡೇ, ನಂಗೆ ನೀನು ಓದಿದ್ದೇ ಬೇಕಾದಷ್ಟಾಯ್ತು, ದೊಡ್ಡೋರ ಮನಸು ಯಾಕೆ ನೋಯಿಸ್ತೀಯಾ, ಉಗುರು ಚೀಟಿಯ ಮೂಲೆಗೆ ಹೋಯಿತು, ಬೇಡ ಅತ್ತಿಗೆ, ಕೀಳ್ಬೇಡ, ನಾನು ಕೈ ಹಿಡಿದುಕೊಂಡೆ.

ಇರ್ಲಿ ಬಿಡು, ಕೀಳ್ಬೇಡಮ್ಮ, ಅದು ನಿಂದೇ. ಯಾರು ಹೇಳಿದ್ದು ಅಂತ ತಿಳಿಯಲಿಲ್ಲ, ಅತ್ತೆಯ ತುಟಿ ಅಲುಗಿದ್ದನ್ನು ನೋಡಿಯೂ ತಿಳಿಯಲಿಲ್ಲ, ಇಷ್ಟು ಮೆಲ್ಲಗಿನ ದನಿ ಅವರಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ, ಬೀದಿಗೆ ಕೇಳುವ ದನಿಯಲ್ಲ, ಎದುರು ಕೂತವರಿಗೆ ಆಡುವಷ್ಟೇ ಮಾತು, ತನ್ನ ದನಿ ತನಗೆ ಕೇಳುವವರು ಆಡುವ ಮಾತು. ಅವತ್ತು ಫೋನಲ್ಲಿ ಹೇಳ್ತಿದ್ಲು, ಅಚ್ಚಿನೋನಿಗೆ, ಕೇಳಿಸ್ತು. ಮೇಜಿನ ಖಾನೆ, ಖಾನೆಯಲ್ಲಿ ಕಿವಿಯ ಯಂತ್ರ, ಯಾವಾಗ ತೆಗೆದರು, ಪುಸ್ತಕ ಬಂದ ಮರುದಿನವೇ ಇರಬೇಕು, ಕಿವಿಗೊಟ್ಟು ಕೇಳಿದ ಅತ್ತೆಗೆ ಅಂತ ಬರೆಸಿಕೊಂಡ ಮೇಲೆ ಕೇಳದೆ ಇರುವುದು ಹೇಗೆ ಅಂತ ಹಾಕಿಕೊಂಡರೋ ಏನೋ, ಹಾಕಿಕೊಂಡು ಯಾರಿಗೂ ಹೇಳದೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತರು, ನನ್ನ ಮಾತು ಕೇಳಲು, ಕೇಳಿದರು, ಎಂಥ ಮಾತು, ಕಿವಿ ಚೆನ್ನಾಗಿದ್ದಾಗ್ಲೇ, ಅಯ್ಯೋ, ಮತ್ತೆ ಅದಾದ ಮೇಲೂ ಬಂದರು, ನಿನ್ನೆಯೂ ಬಂದು ಕೂತರು, ಇವತ್ತು ಬೆಳಿಗ್ಗೆಯೂ, ದಿಂಬಿನ ಕೆಳಗಿಂದ ಪುಸ್ತಕ ತೆಗೆಯಲಿಲ್ಲ. ಅತ್ತೆ ನಾನು — ಅಷ್ಟರಲ್ಲಿ ಅತ್ತಿಗೆ ನನ್ನ ಮಂಡಿಯ ಮೇಲೆ ಪುಸ್ತಕ ಇಟ್ಟಳು, ಅತ್ತೆ ಕುರ್ಚಿಯನ್ನು ಹತ್ತಿರ ಸರಿಸಿದರು, ನೀನು ಓದಮ್ಮ, ಬೀಗಿತ್ತೀನೂ ಕೇಳ್ಲಿ, ಪುಟ ತೆರೆದಿದ್ದೇನೆ, ನಾನೇ ಬರೆದ ಮೊದಲ ಸಾಲು, ಅಕ್ಷರಗಳು ಕಲಸಿಹೋಗುತ್ತಿವೆ, ಓದಬೇಕು, ಗಟ್ಟಿಯಾಗಿ ಬೇಡ, ಇನ್ನು ಗಟ್ಟಿಯಾಗಿ ಬೇಕಾಗಿಲ್ಲ, ಬಿಳಿ ಕೂದಲು ಸರಿದಿದೆ, ಅಲ್ಲಿ ಗೋಧಿ ಬಣ್ಣದ್ದೊಂದು ಪುಟ್ಟ ವಸ್ತು, ಮತ್ತೆ ಆ ಬೆರಳು, ಅದನ್ನು ಕಿವಿಯೊಳಗೆ ಇನ್ನಷ್ಟು ಆಳಕ್ಕೆ ಒತ್ತುತ್ತಿರುವ ಆ ಬೆರಳು.