ಸ್ಪ್ರಿಂಗ್ ಬರುವವರೆಗೆ

ಹಿಂದಿನ ಶೆಡ್ಡಿನಲ್ಲಿ ಸ್ಟಾರ್ಟರ್ ಮತ್ತೊಮ್ಮೆ ಕರಕರ ತಿರುಗಿ ನಿಂತಿತು. ಎಂಜಿನ್ ಹತ್ತಲಿಲ್ಲ. ನಡುಮನೆಯಲ್ಲಿ ಗಂಡನ ತಲೆಯ ಬಳಿ ಕೂತಿದ್ದ ಅವಳು ಮಡಿಲಲ್ಲಿದ್ದ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದಳು.

"ಅಣ್ಣ ಇದ್ದಾಗ ಆ ಸದ್ದಿಗೇ ಬೀದಿಯವರೆಲ್ಲ ಬೈತಿದ್ದಿದ್ದು," ಪಕ್ಕದಲ್ಲಿ ನಾದಿನಿ ಮೂಗೊರೆಸಿಕೊಂಡಳು. "ಈಗ ನೋಡಿ, ಅವರೇ ಬಾಗಿಲಲ್ಲಿ ನಿಂತು ಕಿವಿಗೊಟ್ಟಿದಾರೆ."

ರೇಸಿನವರಲ್ಲಿ ಹಾಗೊಂದು ರೂಢಿ. ತಮ್ಮವನೊಬ್ಬ ಸತ್ತರೆ ಅವನ ಕೊನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿ, ಗಂಟಲು ಬಿರಿಯುವಂತೆ ಒಮ್ಮೆ ಕೂಗಿಸಿ, ಆಮೇಲೆಯೇ ಹೆಣ ಎತ್ತುವುದು. ಹೆಗಲು ಕೊಡುವವರು ಅದಕ್ಕಾಗಿ ಕಾದು ನಿಂತಿದ್ದರು.

ಮೈದುನ ಒಳಗೆ ಬಂದ. ಅವನೂ ಅಣ್ಣನಂತೆ ರೇಸಿನ ಹುಚ್ಚಿನವನೇ.

"ಅತ್ತಿಗೆ, ಡಿಸ್ಟ್ರಿಬ್ಯೂಟರ್ ಒಳಗೆ ರೋಟರ್ ಇಲ್ಲ. ಅದಿಲ್ದೆ ಕಿಡಿ ಬರಲ್ಲ. ಅಣ್ಣ ಎಲ್ಲಿಟ್ಟಿದ್ದ?"

ಆ ಪುಟ್ಟ ಕಪ್ಪು ತುಂಡು ಅವಳ ಮುಷ್ಟಿಯಲ್ಲಿಯೇ ಇತ್ತು. ಬೆಳಿಗ್ಗೆ ಗಂಡನ ಅಂಗಿ ಬದಲಿಸುವಾಗ ಜೇಬಿನಲ್ಲಿ ಸಿಕ್ಕಿತ್ತು.

"ಆ ಎಂಜಿನ್ ಮುಟ್ಟಬೇಡಿ. ಇನ್ನೂ ಮುಗಿದಿಲ್ಲ ಅದು."

"ಮೇಲಿನ ಮುಚ್ಚಳ ಕೂಡ ಹಾಕಿದಾನಲ್ಲ."

"ಧೂಳು ಕೂರದಿರಲಿ ಅಂತ ಹಾಕಿದ್ದು. ಒಳಗೆ ಸ್ಪ್ರಿಂಗ್ ಎಲ್ಲ ಹಳೇವು."

ಮೈದುನ ಅವಳನ್ನು ಮರುಕದಿಂದ ನೋಡಿದ. "ನೀವು ಶೆಡ್ಡಿಗೆ ಕಾಲಿಟ್ಟಿದ್ದು ಯಾವ ಕಾಲದಲ್ಲಿ ಅತ್ತಿಗೆ? ಆ ಸದ್ದು ಕಂಡ್ರೆ ನಿಮಗಾಗಲ್ಲ, ಗೊತ್ತು. ಇವತ್ತೊಂದಿನ ತಡ್ಕೊಳ್ಳಿ."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದೇ ಅವಳ ಬಾಯಿ ಕಟ್ಟಿತು.

*

ಅಪ್ಪ ಮಗನ ಜಗಳ ಶುರುವಾಗಿದ್ದು ಕ್ಯಾಮ್ ಆರಿಸುವಾಗ, ಅಡುಗೆಮನೆಯ ಮೇಜಿನ ಮೇಲೆ. ವಾಲ್ವ್ ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂದು ಎಂಜಿನ್ನಿಗೆ ಹೇಳುವುದೇ ಕ್ಯಾಮ್. ಮಗನಿಗೆ ಎಲ್ಲಕ್ಕಿಂತ ದೊಡ್ಡದು ಬೇಕಿತ್ತು.

"ಬರೀ ಕ್ಯಾಮ್ ದೊಡ್ಡದು ತಂದು ಸ್ಪ್ರಿಂಗು, ಪಿಸ್ಟನ್ನು, ಗೇರು ಹಳೇದೇ ಇಟ್ರೆ ಏನಾಗತ್ತೆ?" ಎಂದ ಅಪ್ಪ. "ಎತ್ತು ಏರಿಗೆ, ಕೋಣ ನೀರಿಗೆ."

"ನಿಮ್ಮದು ಯಾವಾಗ್ಲೂ ಹಾಸಿಗೆ ನೋಡಿ ಕಾಲು ಚಾಚೋದು. ಅದಕ್ಕೇ ಪ್ರತಿ ಸಲ ಎರಡನೇ ಜಾಗ."

ಆ ಮಾತು ನಾಟಿತು. ಊಟ ಅರ್ಧಕ್ಕೆ ಬಿಟ್ಟು ಎದ್ದ ಅಪ್ಪ ಕೊನೆಗೆ ದೊಡ್ಡ ಕ್ಯಾಮನ್ನೇ ತರಿಸಿ ಕೂರಿಸಿದ. ಅದಕ್ಕೆ ತಕ್ಕ ಗಟ್ಟಿ ಸ್ಪ್ರಿಂಗುಗಳು ಮಾತ್ರ ಬರಲಿಲ್ಲ. ನಿನ್ನೆ ಸಂಜೆ ಚಹಾಕ್ಕೆ ಬಂದಾಗ, ಅವು ಬರುವವರೆಗೆ ಯಾರೂ ಎಂಜಿನ್ ಓಡಿಸದಿರಲಿ ಎಂದು, ರೋಟರನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದ.

"ಮಗು ಕೈಗೆ ಸಿಗದ ಹಾಗೆ ಮಿಠಾಯಿ ಬಚ್ಚಿಟ್ಟ ಹಾಗಾಯ್ತು," ಎಂದು ಅವಳು ನಕ್ಕಿದ್ದಳು.

ಅವನು ನಗಲಿಲ್ಲ. ಎರಡು ಮುಷ್ಟಿಗಳನ್ನು ಒಂದರ ಮೇಲೊಂದು ಹಿಡಿದ. "ಕೆಳಗಿಂದ ಪಿಸ್ಟನ್ ಬರ್ತಿದೆ. ಮೇಲಿಂದ ವಾಲ್ವ್ ಇಳಿದಿದೆ. ಸ್ಪ್ರಿಂಗ್ ಗಟ್ಟಿ ಇದ್ರೆ ಅದನ್ನ ಹೊತ್ತಿಗೆ ಸರಿಯಾಗಿ ವಾಪಸ್ ಎಳ್ಕೊಳ್ಳತ್ತೆ. ಸೋತಿದ್ರೆ..." ಮುಷ್ಟಿಗಳು ಗುದ್ದಿಕೊಂಡವು. "ಮೆಲ್ಲಗೆ ತಿರುಗಿದ್ರೆ ಏನೂ ಆಗಲ್ಲ. ಕೂಗಿಸಿದ್ರೆ ಮುಗೀತು."

ಬೆಳಿಗ್ಗೆ ಅದೇ ಅಂಗಿ ತೊಟ್ಟು ಹೊರಟವನು ಶೆಡ್ಡಿನ ಹೊಸ್ತಿಲಲ್ಲಿ ಎದೆ ಹಿಡಿದು ಕೂತ. ಏಳಲಿಲ್ಲ.

*

"ಹುಡುಕೋದು ಬಿಡೋ," ಹೊರಗೆ ಮೈದುನನ ದನಿ. "ನನ್ನ ಕಾರಿನ ರೋಟರ್ ಬಿಚ್ಚಿ ತಂದೆ. ಎರಡೂ ಒಂದೇ."

ಅವಳು ಮುಷ್ಟಿ ಬಿಚ್ಚಿದಳು. ಇಷ್ಟು ಹೊತ್ತು ಹಿಡಿದದ್ದಕ್ಕೆ ಅರ್ಥವೇ ಇರಲಿಲ್ಲ. ಎದ್ದಳು. "ಅವನನ್ನ ಒಬ್ಬನೇ ಬಿಟ್ಟು ಎಲ್ಲಿಗೆ?" ಎಂದು ನಾದಿನಿ ತೋಳು ಹಿಡಿದಳು. ಕೊಡವಿಕೊಂಡು ಓಡಿದಳು.

ಎಂಜಿನ್ ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಮಗ ಅದರ ಮೇಲೆ ಬಾಗಿದ್ದ. ಬೆರಳು ಆಗಲೇ ಬಟನ್ ಮೇಲೆ. ಅವಳು ಗಾಳಿ ಎಳೆದುಕೊಳ್ಳುವ ಕಾರ್ಬುರೇಟರಿನ ತೆರೆದ ಎರಡು ದುಂಡು ಬಾಯಿಗಳ ಮೇಲೆ ಎರಡೂ ಅಂಗೈ ಒತ್ತಿ ನಿಂತಳು.

"ಕೈ ತೆಗಿ ಅಮ್ಮ."

"ಸ್ಪ್ರಿಂಗ್ ಹಳೇವು ಕಣೋ."

"ಮೆಲ್ಲಗೆ ಬಿಡ್ತೀನಿ. ಒಂದೇ ಸಲ."

"ನಿನ್ನ ಕೈ ಮೆಲ್ಲಗೆ ನಿಲ್ಲುತ್ತಾ? ಅವರದೇ ನಿಲ್ತಿರಲಿಲ್ಲ."

"ಬದುಕಿದ್ದಾಗ ಬೈದಿದ್ದು ಸಾಲ್ದಾ?" ಮಗ ಬಟನ್ ಮೇಲಿನ ಬೆರಳು ತೆಗೆಯಲಿಲ್ಲ. "ಈಗ ಮೂಗನ ಹಾಗೆ ಕಳಿಸ್ಬೇಕಾ ಅಪ್ಪನ್ನ?"

"ಅವರು ಕೊನೇಗೆ ಕೈಯಿಟ್ಟಿದ್ದು ಇದು. ಇದು ಒಡೆಯೋ ಸದ್ದಲ್ಲಿ ಅವರನ್ನ ಎತ್ತಬೇಡ್ರೋ. ನಿನ್ನ ಕಾಲು ಹಿಡೀತೀನಿ. ಮುಚ್ಚಳ ಬಿಚ್ಚಿ ನೋಡು, ಆಮೇಲೆ ನಿನ್ನಿಷ್ಟ." ಕೈ ಮಾತ್ರ ತೆಗೆಯಲಿಲ್ಲ. ತೆಗೆದರೆ ಬಟನ್ ಒತ್ತಿಬಿಟ್ಟಾನು.

"ಹೊತ್ತಾಯ್ತು," ಎಂದ ಮೈದುನ. ಮಗ ಅವನತ್ತ ನೋಡಲಿಲ್ಲ, ಸ್ಪ್ಯಾನರ್ ತೆಗೆದುಕೊಂಡ. ಮುಚ್ಚಳ ಎತ್ತಿದಾಗ ಎಣ್ಣೆಯಲ್ಲಿ ಕಂದಿದ ಸ್ಪ್ರಿಂಗುಗಳು ಕಂಡವು. ಹೋದ ಸಲದ ರೇಸಿಗೆ ಮಗನೇ ಹಚ್ಚಿದ್ದ ಹಳದಿ ಗುರುತು ಒಂದೊಂದರ ಮೇಲೂ ಹಾಗೇ ಇತ್ತು.

ಮಗ ಮುಚ್ಚಳ ಮುಚ್ಚಿ ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ಅಮ್ಮನ ಮುಖ ನೋಡದೆ ಹೇಳಿದ: "ಸ್ಪ್ರಿಂಗ್ ಬರಲಿ. ನಾನೇ ಹಾಕಿ, ನಾನೇ ಓಡಿಸ್ತೀನಿ. ಆಗ ಅಡ್ಡ ಬರಬೇಡ."

ಗಂಡ ಅವಳಿಗೆ ಹೇಳಿಕೊಟ್ಟದ್ದು ಸ್ಪ್ರಿಂಗ್ ಬರುವವರೆಗಿನ ಮಾತು ಮಾತ್ರ.

ಹೆಣ ಎತ್ತುವ ಮುಂಚೆ ಅವನ ಮೇಲಿನ ಬಿಳಿ ಬಟ್ಟೆ ಸರಿದದ್ದು ಕಂಡು, ಎದೆಯವರೆಗೆ ಎಳೆದು ಎರಡೂ ಅಂಗೈಯಿಂದ ಒತ್ತಿ ಸರಿಪಡಿಸಿದಳು. ಬೀದಿಯವರು ಇನ್ನೂ ಕಿವಿಗೊಟ್ಟೇ ನಿಂತಿದ್ದರು. ಚಪ್ಪಲಿಗಳ ಸದ್ದಿನಲ್ಲೇ ಅವನು ಬಾಗಿಲು ದಾಟಿದ. ಎದೆಯ ಮೇಲೆ, ಬಿಳಿ ಬಟ್ಟೆಯಲ್ಲಿ, ಎಣ್ಣೆ ಮಸಿಯ ಎರಡು ದುಂಡನೆಯ ಉಂಗುರಗಳು ಮೂಡಿದ್ದವು.